ಬುಧವಾರದ ಕೂಟ ಮತ್ತು ತಪ್ಪಿದ ಮೂರು ಡಯಾಲಿಸಿಸ್: ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಉತ್ತರ ತುದಿಯ ಒಂದು ಸಣ್ಣ ಕನ್ನಡ ಕ್ರೈಸ್ತ ಸಭೆಯಲ್ಲಿ 2018ರಿಂದ 2021ರ ನಡುವೆ ನಡೆದದ್ದು ಇದು. ಮನೆಯವರ ಒಪ್ಪಿಗೆಯ ಮೇಲೆ ಬರೆಯಲಾಗಿದೆ. ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗಗಳನ್ನು ಬದಲಿಸಿದೆ. ಊರನ್ನೂ ಹೆಸರುಗಳನ್ನೂ ಬಿಟ್ಟಿದೆ. ಕಾಯಿಲೆಯವರನ್ನು ಇಲ್ಲಿ ಅಂಗಡಿಯವರು ಎನ್ನೋಣ, ಅವರಿಗೆ ಗುಣವಾಗುತ್ತದೆಂದು ಮಾತು ಕೊಟ್ಟ ಸದಸ್ಯರನ್ನು ಮಾಸ್ಟ್ರು ಎನ್ನೋಣ. ಇತರರಿಗಾಗಿ ಪ್ರಾರ್ಥಿಸುವ ಗುಂಪು ನಡೆಸುವವರಿಗೆ ಈ ಪ್ರಕರಣದಲ್ಲಿ ಕೆಲಸಕ್ಕೆ ಬರುವ ಸಂಗತಿಗಳು ಬಹಳ ಇವೆ.

ಹಿನ್ನೆಲೆ

1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ ಮಂಗಳೂರಿಗೆ ಬಂದ ನಂತರ ಕರಾವಳಿಯಲ್ಲಿ ಹುಟ್ಟಿದ ಸಭೆಗಳ ಸಾಲಿನದು ಈ ಸಭೆ. 1956ರಲ್ಲಿ ರಾಜ್ಯಗಳ ಗಡಿ ಬಿದ್ದಾಗ ಊರು ಕೇರಳಕ್ಕೆ ಸೇರಿತು. ಆಸ್ಪತ್ರೆ, ಮದುವೆ ಸಂಬಂಧ, ಆರಾಧನೆಯ ಹಾಡುಗಳ ಸಂಗೀತ ಪುಸ್ತಕ ಎಲ್ಲವೂ ಮಂಗಳೂರಿನ ಕಡೆಯದ್ದೇ ಆಗಿ ಉಳಿಯಿತು. 40ರಷ್ಟು ಮನೆಗಳು. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ, ಪಂಚಾಯತು ಕಚೇರಿಯಲ್ಲಿ ಮಲಯಾಳ. ಈ ಮೂರು ಭಾಷೆಗಳ ವಿಚಾರ ಮುಂದೆ ಮುಖ್ಯವಾಗುತ್ತದೆ.

ಬುಧವಾರ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನಾ ಕೂಟ. ಬರುವವರು ಒಂಬತ್ತು ಹತ್ತು ಜನ. ಒಂದು ಸಂಗೀತ, ಒಂದು ವೇದಭಾಗ, ಆಮೇಲೆ ಯಾರ್ಯಾರಿಗೆ ಏನೇನು ಬೇಕೆಂದು ಬಾಯಲ್ಲಿ ಹೇಳಿ ಪ್ರಾರ್ಥನೆ, ಕೊನೆಗೆ ಚಹಾ. ಬರೆದಿಡುವ ರೂಢಿ ಇರಲಿಲ್ಲ. ಹೋದ ವಾರ ಯಾರಿಗಾಗಿ ಕೇಳಿಕೊಂಡೆವೆಂಬುದು ಈ ವಾರ ಅರ್ಧ ಜನರಿಗೆ ನೆನಪಿರುತ್ತಿರಲಿಲ್ಲ.

ಅಂಗಡಿಯವರಿಗೆ ಆಗ 50 ದಾಟಿತ್ತು. ಬಹುಕಾಲದ ಸಕ್ಕರೆ ಕಾಯಿಲೆಯಿಂದ 2018ರ ಆಗಸ್ಟ್ ಹೊತ್ತಿಗೆ ಎರಡೂ ಕಿಡ್ನಿ ಸೋತಿದ್ದವು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್, ಪ್ರತಿ ಸಲ 4 ಗಂಟೆ. ಆರಂಭದಲ್ಲಿ ಕುತ್ತಿಗೆಗೆ ಹಾಕಿದ ನಾಳದ ಮೂಲಕ. ಎಡಗೈಯಲ್ಲಿ ಫಿಸ್ಟುಲಾ (ಶಸ್ತ್ರಚಿಕಿತ್ಸೆಯಿಂದ ಎರಡು ರಕ್ತನಾಳಗಳನ್ನು ಜೋಡಿಸಿದ ಜಾಗ) ಮಾಡಿಸಿದ್ದರು, ಆದರೆ ಅಲ್ಲಿನ ರಕ್ತನಾಳ ಹಿಗ್ಗಿ ಸೂಜಿಗೆ ಒದಗಬೇಕಾದರೆ ಎರಡು ತಿಂಗಳಾದರೂ ಕಾಯಬೇಕು. ಹೆಂಡತಿ ಬೀಡಿ ಕಟ್ಟುತ್ತಿದ್ದರು. ಒಬ್ಬಳೇ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಳು. ಅವಳಿಗೆ ಗೊತ್ತಿದ್ದದ್ದು ಅಪ್ಪನಿಗೆ ಸ್ವಲ್ಪ ಕಿಡ್ನಿ ತೊಂದರೆ ಎಂದಷ್ಟೇ.

ಏನು ತಪ್ಪಿತು

ಮೊದಲ ತಪ್ಪು ಸಣ್ಣದಾಗಿ ಕಾಣುತ್ತದೆ. ಅಂಗಡಿಯವರ ಹೆಂಡತಿ ಕೂಟದಲ್ಲಿ ಕಣ್ಣೀರಿಟ್ಟು ಹೇಳಿದ್ದು ಮರುದಿನ ಮಧ್ಯಾಹ್ನಕ್ಕೆ ಸಭೆಯ ವಾಟ್ಸಾಪ್ ಗುಂಪಿಗೆ ಬಂತು. ಪ್ರಾರ್ಥನೆಗೆ ಅನುಕೂಲವಾಗಲಿ ಎಂದು ಯಾರೋ ರಕ್ತ ಪರೀಕ್ಷೆಯ ಚೀಟಿಯ ಫೋಟೊವನ್ನೂ ಹಾಕಿದ್ದರು. ಮಗಳಿಗೆ ಸುದ್ದಿ ತಲುಪಿದ್ದು ಅಪ್ಪ ಅಮ್ಮನಿಂದ ಅಲ್ಲ, ದೂರದ ಸಂಬಂಧಿಯೊಬ್ಬರು ಕಳಿಸಿದ ಆ ಫೋಟೊದಿಂದ. ಪ್ರಾರ್ಥನೆಯ ಹೆಸರಿನಲ್ಲಿ ಸುದ್ದಿ ಹರಡುವಾಗ ಹರಡುವವರಿಗೆ ತಾವು ತಪ್ಪು ಮಾಡುತ್ತಿದ್ದೇವೆಂದು ಅನ್ನಿಸುವುದೇ ಇಲ್ಲ. ಅದಕ್ಕೇ ಅದನ್ನು ತಡೆಯುವುದು ಕಷ್ಟ.

ಎರಡನೆಯದು ಜೀವಕ್ಕೇ ಎರವಾಗುವುದರಲ್ಲಿತ್ತು. ನವೆಂಬರಿನ ಒಂದು ಬುಧವಾರ ಕೂಟ ಅಂಗಡಿಯವರ ಮನೆಯಲ್ಲೇ ಸೇರಿತ್ತು. ಪ್ರಾರ್ಥನೆ ಮುಗಿದಾಗ ಮಾಸ್ಟ್ರು ಅವರ ಕೈಹಿಡಿದು, "ದೇವರು ನನಗೆ ತೋರಿಸಿದ್ದಾರೆ. ನಿಮಗೆ ಇನ್ನು ಆ ಮೆಶಿನು ಬೇಡ. ವಿಶ್ವಾಸ ಇಡಿ" ಎಂದರು. ಆಧಾರಕ್ಕೆ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ: ವಿಶ್ವಾಸದಿಂದ ಮಾಡುವ ಪ್ರಾರ್ಥನೆ ರೋಗಿಯನ್ನು ರಕ್ಷಿಸುವುದು ಎಂಬ ಮಾತು. ಮಾಸ್ಟ್ರು ಕಪಟಿ ಅಲ್ಲ. ಅವರ ಮಗ ಚಿಕ್ಕಂದಿನಲ್ಲಿ ಮೆದುಳು ಜ್ವರ ಬಂದು, ಡಾಕ್ಟರು ಕೈಚೆಲ್ಲಿದ ಮೇಲೂ ಬದುಕಿದ್ದ. ಆ ರಾತ್ರಿ ತಾವು ಮಾಡಿದ ಪ್ರಾರ್ಥನೆ ಅವರ ಇಡೀ ಬಾಳಿನ ಆಧಾರವಾಗಿತ್ತು. ತಮಗೆ ಸಿಕ್ಕಿದ್ದು ಇವರಿಗೂ ಸಿಗಲಿ ಎಂಬ ಆಸೆ, ದೇವರೇ ಹೇಳಿದ್ದಾರೆ ಎಂಬ ಮಾತಾಗಿ ಹೊರಬಿತ್ತು.

ಗುರುವಾರ ಅಂಗಡಿಯವರು ಮಂಗಳೂರಿಗೆ ಹೋಗಲಿಲ್ಲ. ಶನಿವಾರವೂ ಇಲ್ಲ, ಮುಂದಿನ ಮಂಗಳವಾರವೂ ಇಲ್ಲ. ಮೊದಲ ಎರಡು ದಿನ ಮೈ ಹಗುರಾಗಿದೆ ಎಂದರು, ಜನ ಸ್ತೋತ್ರ ಹೇಳಿದರು. ಡಯಾಲಿಸಿಸ್‌ನ ದಿನ ಆಗುವ ಸುಸ್ತು ಇರಲಿಲ್ಲವಾದ್ದರಿಂದ ಹಾಗನ್ನಿಸಿದ್ದು ಸಹಜ. ಆದರೆ ಒಳಗೆ ನೀರೂ ಪೊಟ್ಯಾಸಿಯಮ್ಮೂ ಏರುತ್ತಲೇ ಇದ್ದವು. ನೋಡಲು ಬಂದವರು ಪ್ರೀತಿಯಿಂದ ಸೀಯಾಳ, ನೇಂದ್ರ ಬಾಳೆಹಣ್ಣು ತಂದಿದ್ದರು. ನಮ್ಮ ಊರಲ್ಲಿ ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಎರಡರಲ್ಲೂ ಪೊಟ್ಯಾಸಿಯಂ ಧಾರಾಳ. ಒಳ್ಳೆಯ ಕಿಡ್ನಿ ಇದ್ದವರಿಗೆ ಅದು ಪುಷ್ಟಿ, ಇಲ್ಲದವರಿಗೆ ಹೃದಯ ನಿಲ್ಲಿಸುವ ವಿಷ. ಬುಧವಾರ ರಾತ್ರಿ ಮಲಗಲಾಗದಷ್ಟು ಉಬ್ಬಸ. ಶ್ವಾಸಕೋಶಕ್ಕೆ ನೀರು ತುಂಬಿತ್ತು. ರಕ್ತದ ಪೊಟ್ಯಾಸಿಯಂ 7 ದಾಟಿತ್ತು. ಇರಬೇಕಾದದ್ದು ಸುಮಾರು 3.5ರಿಂದ 5. ಐಸಿಯುನಲ್ಲಿ ಐದು ದಿನ ಇದ್ದು ಬದುಕಿದರು.

ಮೂರನೆಯ ತಪ್ಪು ಆಸ್ಪತ್ರೆಯಿಂದ ಬಂದ ಮೇಲಿನದು. ಬಹುಶಃ ಅತಿ ನೋವು ಕೊಟ್ಟದ್ದೂ ಅದೇ. ಮಾತು ಸುಳ್ಳಾಯಿತೇಕೆ ಎಂಬುದಕ್ಕೆ ಉತ್ತರ ಬೇಕಿತ್ತು. ಹತ್ತಿರದ ಉತ್ತರವೆಂದರೆ ಅಂಗಡಿಯವರ ವಿಶ್ವಾಸ ಸಾಲದಾಯಿತು ಎಂಬುದು. ಯಾರೂ ಎದುರಿಗೆ ಹೇಳಲಿಲ್ಲ, ಆದರೆ ಅವರ ಕಿವಿಗೆ ಬಿತ್ತು. ಅಂದಿನಿಂದ ಅವರು ಸಭೆಯವರು ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಮೊದಲು ಮಾಡಿದ್ದು

ಸಭಾಪಾಲಕರೂ ಇಬ್ಬರು ಹಿರಿಯರೂ ಸೇರಿ 21 ದಿನಗಳ ಸರದಿ ಉಪವಾಸ ಪ್ರಾರ್ಥನೆ ಇಟ್ಟರು. ಉದ್ದೇಶ ಒಳ್ಳೆಯದೇ. ಫಲ ಏನಾಯಿತೆಂದರೆ, ದಿನವೂ ಸಂಜೆ ಐದಾರು ಜನ ಆ ಮನೆಗೆ ಬಂದರು. ಹೆಂಡತಿ ಬೀಡಿ ಬುಟ್ಟಿ ಬದಿಗಿಟ್ಟು ಚಹಾ ಮಾಡಿದರು. ತಾನೂ ಉಪವಾಸ ಇರಬೇಕೆಂದು ಹಿಡಿದು, ಬಿಪಿ ಮಾತ್ರೆ ಬಿಟ್ಟು, ಒಂಬತ್ತನೇ ದಿನ ತಲೆಸುತ್ತಿ ಬಿದ್ದರು. ತಲೆಯ ಮೇಲೂ ಕೈಯ ಮೇಲೂ ಕೈಯಿಟ್ಟು ಪ್ರಾರ್ಥಿಸುವ ಭರದಲ್ಲಿ ಒಬ್ಬರು ಫಿಸ್ಟುಲಾ ಇರುವ ಎಡಗೈಯನ್ನೇ ಬಿಗಿಯಾಗಿ ಒತ್ತಿ ಹಿಡಿದಿದ್ದರು. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಭಾರ ಹೊರಬಾರದು, ಬಿಗಿಯಾಗಿ ಹಿಡಿಯಲೂಬಾರದು. ಒತ್ತಡಕ್ಕೆ ರಕ್ತ ಹೆಪ್ಪುಗಟ್ಟಿದರೆ ಪುನಃ ಶಸ್ತ್ರಚಿಕಿತ್ಸೆ. ಇದನ್ನು ಕೂಟದವರಿಗೆ ಯಾರೂ ಹೇಳಿರಲಿಲ್ಲ, ಕೂಟದವರು ಕೇಳಿಯೂ ಇರಲಿಲ್ಲ.

ಹನ್ನೊಂದನೇ ದಿನಕ್ಕೆ ಸಭಾಪಾಲಕರು ಸರದಿಯನ್ನು ನಿಲ್ಲಿಸಿದರು. ಹರಕೆ ಮುರಿದಂತಾಯಿತು ಎಂದು ಕೆಲವರು ಬೇಸರಪಟ್ಟರು. ಹಿಡಿದದ್ದನ್ನು ಮಧ್ಯದಲ್ಲಿ ಬಿಡುವುದಕ್ಕೆ ಬೇಕಾದ ಧೈರ್ಯ ಸಣ್ಣದಲ್ಲ, ಮತ್ತು ಈ ಪ್ರಕರಣದಲ್ಲಿ ತೆಗೆದುಕೊಂಡ ಸರಿಯಾದ ತೀರ್ಮಾನಗಳಲ್ಲಿ ಅದು ಮೊದಲನೆಯದು.

ತಿರುವು

2019ರ ಜನವರಿಯ ಒಂದು ಸೋಮವಾರ ಸಭಾಪಾಲಕರು ಒಬ್ಬರೇ ಹೋದರು. ಪ್ರಾರ್ಥಿಸಲಿಲ್ಲ. ಅರ್ಧ ಗಂಟೆ ಸುಮ್ಮನೆ ಕೂತರು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಏಳು ದಿನ ಮಾತಿಲ್ಲದೆ ಅವನ ಬಳಿ ನೆಲದ ಮೇಲೆ ಕೂತಿದ್ದರಷ್ಟೆ. ಅವರು ಮಾಡಿದ್ದರಲ್ಲಿ ಒಳ್ಳೆಯದೆಂದರೆ ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ಸಭಾಪಾಲಕರು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೋಸ್ಕರ ನಾವು ಏನು ಕೇಳಬೇಕು?"

ಅಷ್ಟು ತಿಂಗಳಲ್ಲಿ ಇದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ಉತ್ತರ ತುಳುವಿನಲ್ಲಿ ಬಂತು: "ಎಂಕ್ ಪೋಡಿಗೆ ಆಪುಂಡು." ನನಗೆ ಹೆದರಿಕೆಯಾಗುತ್ತದೆ. ಸೂಜಿ ದಪ್ಪ, ಪ್ರತಿ ಸಲ ಎರಡು ಚುಚ್ಚುತ್ತಾರೆ, ಹಿಂದಿನ ರಾತ್ರಿಯೇ ನಿದ್ದೆ ಹಾರುತ್ತದೆ. ಆಮೇಲೆ, ಮಗಳ ಹತ್ತಿರ ಮಾತಾಡಲು ಬಾಯಿ ಬರುತ್ತಿಲ್ಲ. ಆಮೇಲೆ, ತಾನಿಲ್ಲದಾಗ ಅಂಗಡಿಯ ಬಾಗಿಲು ಮುಚ್ಚಿರುತ್ತದೆ, ಸಾಲದವರು ಬರುತ್ತಾರೆ. ಗುಣವಾಗುವ ಮಾತೇ ಬರಲಿಲ್ಲ. ಕೂಟ ಅಷ್ಟು ದಿನ ಬೈಬಲಿನ ಕನ್ನಡದಲ್ಲಿ ಕಿಡ್ನಿಗಾಗಿ ಮೊರೆಯಿಟ್ಟಿತ್ತು. ಅವರ ಹೆದರಿಕೆ ಬೇರೆ ಭಾಷೆಯಲ್ಲಿ, ಬೇರೆ ವಿಷಯದ ಬಗ್ಗೆ ಇತ್ತು.

ಮರಳಿ ಯಾಕೋಬನ ಪತ್ರಿಕೆಗೆ ಬಂದರೆ, ಮಾಸ್ಟ್ರು ಉದ್ಧರಿಸಿದ ಮಾತಿಗೆ ಒಂದು ವಚನ ಹಿಂದೆಯೇ, ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಕಳುಹಿಸಲಿ ಎಂದಿದೆ. ಆರಂಭ ರೋಗಿಯದು. ಕರೆಯುವವನು ಅವನು, ಹೋಗುವವರು ಹಿರಿಯರು, ಒಬ್ಬರಲ್ಲ ಹಲವರು. ಒಬ್ಬನಿಗೆ ಸಿಕ್ಕ ದರ್ಶನದ ಬಲದಲ್ಲಿ ಇನ್ನೊಬ್ಬನ ಚಿಕಿತ್ಸೆ ನಿಲ್ಲಿಸಲು ಅಲ್ಲಿ ಜಾಗವೇ ಇಲ್ಲ. ಇನ್ನೂ ಸ್ಪಷ್ಟವಾದದ್ದು ಕಾಯಿಲೆ ಬಿದ್ದ ಅರಸ ಹಿಜ್ಕೀಯನ ಪ್ರಸಂಗ: 15 ವರ್ಷ ಆಯುಸ್ಸು ಕೂಡಿಸುತ್ತೇನೆಂದು ದೇವರ ಮಾತು ನಿಜವಾಗಿಯೂ ಬಂದಿದ್ದಾಗಲೂ ಪ್ರವಾದಿ ಯೆಶಾಯನು ಅಂಜೂರದ ಹಣ್ಣಿನ ಪಟ್ಟು ತರಿಸಿ ಹುಣ್ಣಿಗೆ ಕಟ್ಟಿಸಿದ. ಅಪೊಸ್ತಲ ಪೌಲನಾದರೋ ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಮುಂದೆ ಹೋದ, ಅವನ ವಿಶ್ವಾಸವನ್ನು ಅಳೆಯಲಿಲ್ಲ. ಈ ಭಾಗಗಳನ್ನು ಮುಂದಿನ ನಾಲ್ಕು ಬುಧವಾರ ಕೂಟ ಒಟ್ಟಿಗೆ ಓದಿತು.

ಹೊಸ ಕ್ರಮ

ವಿವರ ತಿಳಿಯುವವರು ಮೂವರೇ ಎಂದು ತೀರ್ಮಾನವಾಯಿತು. ಆ ಮೂವರನ್ನು ಆರಿಸಿದ್ದು ಅಂಗಡಿಯವರೇ. ಭಾನುವಾರದ ಆರಾಧನೆಯಲ್ಲಿ "ಚಿಕಿತ್ಸೆಯಲ್ಲಿರುವ ನಮ್ಮ ಸಹೋದರರಿಗಾಗಿ" ಎಂದಷ್ಟೇ. ವಾಟ್ಸಾಪಿನಲ್ಲಿ ಹೆಸರು, ಆಸ್ಪತ್ರೆ, ಚೀಟಿ ಯಾವುದೂ ಇಲ್ಲ.

ಒಂದು 200 ಪುಟದ ನೋಟ್‌ಬುಕ್ ತಂದು ನಾಲ್ಕು ಕಲಂ ಎಳೆದರು: ತಾರೀಕು, ಅವರು ಕೇಳಿದ್ದು (ಅವರದೇ ಮಾತಿನಲ್ಲಿ), ನಾವು ಕೈಯಿಂದ ಮಾಡಬೇಕಾದ್ದು, ಏನಾಯಿತು. ನಾಲ್ಕನೆಯದಕ್ಕೆ ಮೊದಲು ಉತ್ತರ ಎಂದು ಬರೆದಿದ್ದರು. ಎರಡೇ ವಾರದಲ್ಲಿ ಅದನ್ನು ಹೊಡೆದುಹಾಕಬೇಕಾಯಿತು. ಉತ್ತರ ಎಂಬ ಶೀರ್ಷಿಕೆ ಇದ್ದರೆ ಏನಾದರೊಂದನ್ನು ತುಂಬಿಸಲು ಕೈ ತವಕಿಸುತ್ತದೆ, ಸಣ್ಣ ಸುಧಾರಣೆ ದೊಡ್ಡ ಸಾಕ್ಷಿಯಾಗಿಬಿಡುತ್ತದೆ. ಏನಾಯಿತು ಎಂದಿದ್ದರೆ "ಗೊತ್ತಿಲ್ಲ" ಎಂದು ಬರೆಯಬಹುದು, ಖಾಲಿಯೂ ಬಿಡಬಹುದು. ಇಂಥ ಪುಸ್ತಕ ಇಡುವವರು ಮೂರನೇ ಕಲಮನ್ನು ಮಾತ್ರ ಖಾಲಿ ಬಿಡಬಾರದು. ಸಾಲದವರ ವಿಷಯಕ್ಕೆ ಪ್ರಾರ್ಥಿಸಿದ ವಾರ ಅಲ್ಲಿ ಬಿದ್ದ ಬರಹ: ಗುರುವಾರ ಮತ್ತು ಶನಿವಾರ ಅಂಗಡಿಯಲ್ಲಿ ಇಬ್ಬರು ಯುವಕರು ಕೂರುವುದು. ಬೈಬಲಿನಲ್ಲಿ ಕಪೆರ್ನೌಮ್ ಊರಿನ ಆ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸಿದ್ದು ಮನೆಯ ಮಾಡು ತೆಗೆದು, ಹಾಸಿಗೆ ಹೊತ್ತು. ಅವರು ಒಂದು ಮಾತನ್ನೂ ಆಡಿದ ದಾಖಲೆ ಇಲ್ಲ.

ಮನೆಗೆ ಹೋಗುವುದಕ್ಕೂ ಕಟ್ಟು ಬಂತು. ಡಯಾಲಿಸಿಸ್ ಇಲ್ಲದ ದಿನ ಮಾತ್ರ, ಇಬ್ಬರಿಗಿಂತ ಹೆಚ್ಚು ಬೇಡ, 10 ನಿಮಿಷ, ಚಹಾ ಬೇಡ. ಸೀಯಾಳ, ಬಾಳೆಹಣ್ಣು, ಹಲಸು ತರಬಾರದು. ದಾರೆಹುಳಿಯಂತೂ (ಸ್ಟಾರ್ ಫ್ರೂಟ್) ಕಿಡ್ನಿ ಸೋತವರ ಮೆದುಳಿಗೇ ವಿಷವೇರಿಸುತ್ತದೆ. ತರುವುದಿದ್ದರೆ ಅಕ್ಕಿ ಅಥವಾ ಗಾಡಿ ಖರ್ಚು. ಕುಡಿಯುವ ನೀರಿಗೆ ಡಾಕ್ಟರು ಮಿತಿ ಹಾಕಿದ್ದರು, ಗಂಜಿ ತಿಳಿಯೂ ಸಾರೂ ಆ ಲೆಕ್ಕದಲ್ಲೇ, ಹಾಗಾಗಿ ಒತ್ತಾಯದ ಉಪಚಾರ ಬೇಡ. ಪ್ರಾರ್ಥಿಸುವಾಗ ಎಣ್ಣೆ ಹಚ್ಚುವುದಾದರೆ ಹಣೆಗೆ ಒಂದು ಹನಿ, ಕುತ್ತಿಗೆಯಲ್ಲಿ ಇನ್ನೂ ಇದ್ದ ನಾಳದ ಬಳಿ ಇಲ್ಲ; ಅಲ್ಲಿ ಸೋಂಕಾದರೆ ಅದು ನೇರ ರಕ್ತಕ್ಕೆ. ಕೈಯಿಡುವುದಾದರೆ ಬಲ ಭುಜಕ್ಕೆ. ಪ್ರಾರ್ಥನೆಯ ನೆವದಲ್ಲಿ ರೋಗಿಗೆ ಉಪದೇಶ ಮಾಡಬಾರದು. ಕಣ್ಣು ಮುಚ್ಚಿಕೊಂಡು ದೇವರಿಗೆ ಹೇಳುವಂತೆ ರೋಗಿಗೆ ಬುದ್ಧಿ ಹೇಳುವುದು ನಮ್ಮ ಕೂಟಗಳಲ್ಲಿ ಬಹಳ, ಕೇಳುತ್ತ ಮಲಗಿದವನಿಗೆ ಎದ್ದುಹೋಗಲೂ ಆಗುವುದಿಲ್ಲ.

ಮಾಸ್ಟ್ರ ವಿಷಯವನ್ನು ಸಭಾಪಾಲಕರು ಮತ್ತಾಯ 18ರ ಕ್ರಮದಲ್ಲಿ ಹಿಡಿದರು: ಮೊದಲು ಒಬ್ಬರೇ ಹೋಗಿ, ಇಬ್ಬರೇ ಇರುವಾಗ ಮಾತಾಡುವುದು. ಮೊದಲ ಸಲ ಮಾಸ್ಟ್ರು ಸಿಟ್ಟಾದರು. ಎರಡನೇ ಸಲ ತಮ್ಮ ಮಗನ ಜ್ವರದ ಕತೆ ಹೇಳಿ ಅತ್ತರು. ಆಮೇಲೆ ತಾವಾಗಿ ಅಂಗಡಿಯವರಲ್ಲಿಗೆ ಹೋಗಿ, "ದೇವರು ಹೇಳದ್ದನ್ನು ದೇವರ ಹೆಸರಲ್ಲಿ ಹೇಳಿಬಿಟ್ಟೆ" ಎಂದರು. "ನಾಳೆ ಬೆಳಿಗ್ಗೆ ಬಸ್ಸಿಗೆ ನಿಲ್ಲಲು ಆಗುವುದಿಲ್ಲ ಮಾಸ್ಟ್ರೇ, ನಿಮ್ಮ ಗಾಡಿ ಇದೆಯಾ?" ಎಂಬುದು ಅಂಗಡಿಯವರ ಉತ್ತರ. ಅಂದಿನಿಂದ ವಾರಕ್ಕೆ ಎರಡು ದಿನ ಮಾಸ್ಟ್ರ ಹಳೆಯ ಓಮ್ನಿ ಮಂಗಳೂರಿಗೆ ಓಡಿತು.

ಇನ್ನೊಂದು ಎಡವಟ್ಟು

ಸುಟ್ಟುಕೊಂಡ ಕೂಟ ಈಗ ಇನ್ನೊಂದು ಅತಿಗೆ ಹೋಗಿತ್ತು. ಎಲ್ಲರ ಬಾಯಲ್ಲೂ "ನಿನ್ನ ಚಿತ್ತವಾಗಲಿ" ಒಂದೇ. ಗುಣಪಡಿಸು ಎಂಬ ಮಾತನ್ನು ಜನ ಬಿಸಿ ಪಾತ್ರೆಯಂತೆ ಮುಟ್ಟದೆ ಬಿಟ್ಟರು. ಕೆಲವು ತಿಂಗಳ ನಂತರ ಅಂಗಡಿಯವರೇ ಕೇಳಿದರು: "ಅಯ್ಯನವರೇ, ನನಗೆ ಗುಣವಾಗಲಿ ಎಂದು ಕೇಳುವವರು ಈಗ ಯಾರೂ ಇಲ್ಲವಾ?"

ಸಭಾಪಾಲಕರಿಗೆ ಇದು ತಟ್ಟಿತು. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿ ಮೊದಲು ಕೇಳಿದ್ದು ಸಂಕಟದ ಈ ಪಾತ್ರೆಯನ್ನು ತೊಲಗಿಸು ಎಂದೇ, ಮುಚ್ಚುಮರೆಯಿಲ್ಲದೆ. ತಂದೆಯ ಚಿತ್ತಕ್ಕೆ ಒಪ್ಪಿಸಿದ್ದು ಆಮೇಲೆ. ಪೌಲನೂ ಮುಳ್ಳಿನಂತೆ ತನ್ನನ್ನು ಬಾಧಿಸುತ್ತಿದ್ದದ್ದು ಹೋಗಲೆಂದು ಮೂರು ಸಲ ಬೇಡಿದ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಮಾತು ಬಂದದ್ದು ಬೇಡಿದವನಿಗೆ. ಬೇಡುವುದಕ್ಕೇ ಅಂಜಿ ಚಿತ್ತದ ಮಾತಾಡುವುದು ನಿರಾಸೆಯಿಂದ ನಮ್ಮನ್ನು ಕಾಪಾಡಿಕೊಳ್ಳುವ ಉಪಾಯ. ದೇವರನ್ನು ನಂಬಿದವನು ತಂದೆಯ ಮುಂದೆ ಮಗು ಕೇಳುವಂತೆ ಕೇಳಿ, ಕೊಡುವುದನ್ನು ಅವನಿಗೆ ಬಿಡುತ್ತಾನೆ. ಅಂದಿನಿಂದ ಪ್ರತಿ ಬುಧವಾರ ಒಬ್ಬರು ನೇರವಾಗಿ ಗುಣವನ್ನೇ ಕೇಳುವುದು, ಇನ್ನೊಬ್ಬರು ನಾಳೆಯ ಸೂಜಿಗಾಗಿ, ನಾಲ್ಕು ಗಂಟೆಗಾಗಿ, ದಾದಿಯರ ಕೈಗಾಗಿ ಕೇಳುವುದು ಎಂದಾಯಿತು. ತಿಂಗಳಿಗೊಮ್ಮೆ 13ನೇ ಕೀರ್ತನೆ ಓದುತ್ತಿದ್ದರು, ಎಷ್ಟರ ವರೆಗೆ ಎಂದು ದೇವರನ್ನೇ ಕೇಳುವ ಕೀರ್ತನೆ.

ಆಮೇಲೆ ಏನಾಯಿತು

ಒಂದು ವರ್ಷಕ್ಕೂ ಮೇಲೆ ಒಂದೇ ಒಂದು ಡಯಾಲಿಸಿಸ್ ತಪ್ಪಲಿಲ್ಲ. ಅದು ಪ್ರಾರ್ಥನೆಯಿಂದಲೋ ಓಮ್ನಿಯಿಂದಲೋ ಎಂದು ಬಿಡಿಸಿ ನೋಡುವ ಅಗತ್ಯ ಆ ಮನೆಯವರಿಗೆ ಕಾಣಲಿಲ್ಲ. ಸೂಜಿಯ ಹೆದರಿಕೆ ಪೂರ್ತಿ ಹೋಗಲೂ ಇಲ್ಲ. ಮಗಳಿಗೆ ಎಲ್ಲವನ್ನೂ ಹೇಳಿದ್ದು 2019ರ ಈಸ್ಟರ್ ರಜೆಯಲ್ಲಿ.

ಯಾರೂ ಎಣಿಸದ ಒಂದು ಸಂಗತಿ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಆ ನಾಲ್ಕು ಗಂಟೆಗಳಲ್ಲಿ ಅಂಗಡಿಯವರು ಅಕ್ಕಪಕ್ಕದ ಮಂಚದವರಿಗಾಗಿ ಪ್ರಾರ್ಥಿಸತೊಡಗಿದ್ದರು. ಮೊದಲು ಕೇಳುತ್ತಿದ್ದರು: ನಿಮ್ಮ ಹೆಸರು ಹೇಳಿ ದೇವರಲ್ಲಿ ಬೇಡಬಹುದಾ, ಏನು ಬೇಡಲಿ? ಉಪ್ಪಳದ ಕಡೆಯ ಒಬ್ಬ ಬ್ಯಾರಿ (ಮುಸ್ಲಿಂ) ಹುಡುಗ, ಪುತ್ತೂರಿನ ಒಬ್ಬ ಅಜ್ಜಿ, ಯಾರೂ ಬೇಡ ಎನ್ನಲಿಲ್ಲ. ತನ್ನಲ್ಲಿ ಕೇಳಿದ ಪ್ರಶ್ನೆಯನ್ನೇ ಅವರು ಇತರರಲ್ಲಿ ಕೇಳುತ್ತಿದ್ದರು.

2020ರ ಮಾರ್ಚ್ ಕೊನೆಗೆ ಕೋವಿಡ್ ಕಾರಣದಿಂದ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸುಗಳೇ ಹಿಂದಿರುಗಿದವು. ಮಂಗಳೂರು ತಲುಪಲಾಗದೆ ಕಾಸರಗೋಡಿನ ಹಲವರು ತೀರಿಕೊಂಡರು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಕೂಟ ಸೇರುವಂತಿರಲಿಲ್ಲ. ಸಂಜೆ ಏಳೂವರೆಗೆ ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಿ, ಇಬ್ಬರೇ ಪ್ರಾರ್ಥಿಸಿ, ಆಮೇಲೆ ಮುಂದಿನವರಿಗೆ ದಾಟಿಸುವುದೆಂದು ಸರಪಳಿ ಮಾಡಿದರು. ನೋಟ್‌ಬುಕ್ಕಿನ ಎರಡನೇ ಕಲಮಿನಲ್ಲಿ ಗಡಿ ತೆರೆಯಲಿ ಎಂದಿತ್ತು. ಮೂರನೆಯದರಲ್ಲಿ: ದಕ್ಷಿಣದ ಕಡೆ ಡಯಾಲಿಸಿಸ್ ಜಾಗ ಹುಡುಕುವುದು. ಮಲಯಾಳ ಚೆನ್ನಾಗಿ ಓದಬಲ್ಲ ಒಬ್ಬ ಹುಡುಗಿ ಪಂಚಾಯತಿನ ಪಾಲಿಯೇಟಿವ್ ನರ್ಸನ್ನು (ಗುಣವಾಗದ ಕಾಯಿಲೆಯವರನ್ನು ಮನೆಯಲ್ಲೇ ಆರೈಕೆ ಮಾಡುವವರನ್ನು) ಹಿಡಿದಳು. 2008ರಲ್ಲಿ ಕೇರಳ ಪಾಲಿಯೇಟಿವ್ ನೀತಿ ತಂದ ಮೇಲೆ ಬೆಳೆದ ಈ ಮನೆಭೇಟಿಯ ವ್ಯವಸ್ಥೆ ಊರಲ್ಲೇ ಇದ್ದರೂ, ಮಂಗಳೂರಿನತ್ತ ಮುಖ ಮಾಡಿ ಕೂತ ಸಭೆಗೆ ಅದು ಕಂಡಿರಲಿಲ್ಲ. ಒಂದು ಡಯಾಲಿಸಿಸ್ ತಪ್ಪಿತು, ಆ ದಿನಗಳಲ್ಲಿ ನೀರನ್ನು ಇನ್ನೂ ಬಿಗಿ ಹಿಡಿಯುವಂತೆ ಡಾಕ್ಟರು ಫೋನಿನಲ್ಲೇ ಹೇಳಿದರು. ಮುಂದಿನದಕ್ಕೆ ಪೊಲೀಸ್ ಪಾಸು, ಜಿಲ್ಲೆಯ ತೆಂಕಣ ಭಾಗದಲ್ಲಿ ಒಂದು ಮಂಚ ಸಿಕ್ಕಿತು. ಗಡಿಯಲ್ಲಿ ನಿಂತ ಪೊಲೀಸರಿಗಾಗಿಯೂ ಆಚೆ ಕಡೆ ಹೆದರಿ ಕೂತ ಜನರಿಗಾಗಿಯೂ ಪ್ರಾರ್ಥಿಸಬೇಕೆಂದು ಅಂಗಡಿಯವರು ಬರೆಸಿದರು. ಕೂಟದ ಕೆಲವರಿಗೆ ಆ ವಾರ ಅದು ನಾಲಿಗೆಯಲ್ಲಿ ಹೊರಳಲಿಲ್ಲ. ಎಲ್ಲ ಮನುಷ್ಯರಿಗಾಗಿಯೂ ಅಧಿಕಾರಿಗಳಿಗಾಗಿಯೂ ಪ್ರಾರ್ಥಿಸಿ ಎನ್ನುವ ಒಂದನೇ ತಿಮೊಥೆಯ ಪತ್ರಿಕೆಯ 2ನೇ ಅಧ್ಯಾಯದ ಆರಂಭವನ್ನು ಓದಿ ನಿಲ್ಲಿಸಿದರು, ಅದೂ ಪ್ರಾರ್ಥನೆಯೇ ಎಂದು ಸಭಾಪಾಲಕರು ಒಪ್ಪಿಕೊಂಡರು.

2021ರ ಫೆಬ್ರವರಿಯಲ್ಲಿ ಅಂಗಡಿಯವರು ನಿದ್ದೆಯಲ್ಲೇ ತೀರಿಕೊಂಡರು, ಹೃದಯ ನಿಂತು. ಶವಸಂಸ್ಕಾರದಲ್ಲಿ ದೇವರು ಪ್ರಾರ್ಥನೆ ಕೇಳಲಿಲ್ಲ ಎಂದು ಯಾರೂ ಹೇಳಲಿಲ್ಲ, ಇದೇ ಉತ್ತರ ಎಂದೂ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಗುಣವಾಗಲಿ ಎಂಬ ಸಾಲಿನ ಎದುರಿಗೆ ತಾರೀಕು ಬರೆದು, ಹೋದರು ಎಂದಷ್ಟೇ ಬರೆದಿದ್ದಾರೆ. ಮಾಸ್ಟ್ರ ಅಕ್ಷರ.

ಆ ಪುಸ್ತಕದ ಕೊನೆಯ ಪುಟದಲ್ಲಿ ಅಂಗಡಿಯವರು ತೀರಿಕೊಳ್ಳುವ ಹಿಂದಿನ ತಿಂಗಳು ಬರೆಸಿದ ಒಂದು ಸಾಲಿದೆ: ಮಗಳಿಗೂ ಮಾಸ್ಟ್ರಿಗೂ ಮಾತು ಆಗಲಿ. ಆ ನವೆಂಬರಿನ ವಾರವನ್ನು ಮಗಳು ಮರೆತಿಲ್ಲ, ಮರೆಯಬೇಕೆಂದು ಅವಳನ್ನು ಯಾರೂ ಒತ್ತಾಯಿಸಿಲ್ಲ. ಆ ಸಾಲನ್ನು ಕೂಟದಲ್ಲಿ ಓದಬಹುದಾ ಎಂದು ಸಭಾಪಾಲಕರು ಅವಳನ್ನೇ ಕೇಳಿದರು. ಓದಿ, ಆದರೆ ನನ್ನ ಹೆಸರು ಬೇಡ ಎಂದಳು. ಮೂರನೇ ಕಲಮಿನಲ್ಲಿ, ಅವಳು ಕರೆಯುವ ವರೆಗೆ ಮಾಸ್ಟ್ರು ಹೋಗಬಾರದು ಎಂದಿದೆ. ನಾಲ್ಕನೆಯದು ಖಾಲಿ. ಬುಧವಾರ ಬುಧವಾರ ಅದನ್ನು ಓದುತ್ತಾರೆ, ಮಾಸ್ಟ್ರು ತಲೆ ತಗ್ಗಿಸಿ ಕೂತಿರುತ್ತಾರೆ.